ಹಲಸಿನ ಹಲಗೆಗೆ ಅಕ್ರೋಟಿನ ಬಣ್ಣ

"ಮೇಷ್ಟ್ರೇ, ಒಂದು ಬಣ್ಣ ತೆಗೀಬೇಕಿತ್ತಲ್ಲ ಮಾರಾಯ್ರೆ. ಎಂತ ಹಾಕಿದ್ರೆ ಹೋಗತ್ತೆ?"

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರಾದವನಿಗೆ ನಮ್ಮ ಬೀದಿಯಲ್ಲಿ ಒಂದು ಹುದ್ದೆ ತಾನಾಗಿ ಬಂದು ಅಂಟಿಕೊಂಡಿದೆ. ಸೀರೆಗೆ ಬಿದ್ದ ಬಾಳೆಯ ಕರೆ, ಬಚ್ಚಲ ಟೈಲ್ಸಿಗೆ ಕೂತ ಬೋರ್‌ವೆಲ್ ನೀರಿನ ಬಿಳಿ ಪೊರೆ, ಅಂಗಿ ಜೇಬಿನ ಶಾಯಿ, ಎಲ್ಲದರ ಚಿಕಿತ್ಸೆಗೂ ಜನ ನನ್ನ ಕಾಂಪೌಂಡಿನ ಹತ್ತಿರವೇ ಬರುತ್ತಾರೆ. ಗೋಡೆಯೂ ಎದೆಮಟ್ಟದ್ದು, ಮೊಣಕೈ ಊರಿ ನಿಲ್ಲಲು ಹೇಳಿಮಾಡಿಸಿದಂತಿದೆ. ಶಿವಮೊಗ್ಗದ ಸಂಜೆಯ ತಂಪಿನಲ್ಲಿ ಸುಬ್ಬಣ್ಣನವರು ಆಚೆ ಕಡೆ ಒಮ್ಮೆ ಮೊಣಕೈ ಊರಿದರೆ, ಒಳಗಿನಿಂದ ಲಲಿತಕ್ಕ ದನಿಯೆತ್ತಿ ಕರೆಯುವವರೆಗೂ ಕದಲುವುದಿಲ್ಲ.

"ಎಂತದರ ಬಣ್ಣ?" ಎಂದೆ.

"ಊಟದ ಮೇಜಿಂದು. ಹಲಸಿನ ಹಲಗೆ. ಮೊನ್ನೆ ಟೆಂಪೋದಲ್ಲಿ ಬಂತಲ್ಲ, ನೋಡಿದ್ರಲ್ಲ ನೀವು."

ನೋಡಿದ್ದೆ. ಆ ಹಲಗೆಯ ಜಾತಕವೇ ನನಗೆ ಗೊತ್ತು. ತೀರ್ಥಹಳ್ಳಿ ಕಡೆಯ ಅವರ ಮೂಲಮನೆಯ ಹಿಂದಿದ್ದ ಹಲಸು ಒಂದು ಮಳೆಗಾಲದ ಗಾಳಿಗೆ ಉರುಳಿತ್ತು. ಸಾಮಿಲ್ಲಿನಲ್ಲಿ ಎರಡಿಂಚು ದಪ್ಪಕ್ಕೆ ಸೀಳಿಸಿ, ನಡುನಡುವೆ ರೀಪು ಇಟ್ಟು ಪೇರಿಸಿ, ಕೊಟ್ಟಿಗೆಯ ಅಟ್ಟದಲ್ಲಿ ಒಣಗಲು ಬಿಟ್ಟಿದ್ದರು. ಇಂಚು ದಪ್ಪಕ್ಕೆ ಒಂದು ವರ್ಷ ಎನ್ನುವುದು ಮರ ಒಣಗಿಸುವವರ ಹಳೆಯ ಲೆಕ್ಕ. ಸುಬ್ಬಣ್ಣನವರು ಆ ಲೆಕ್ಕಕ್ಕಿಂತ ಜಾಸ್ತಿಯೇ ಕಾದರು. ಊರಿಗೆ ಹೋದಾಗಲೆಲ್ಲ ಹಲಗೆಯ ಮೇಲೆ ಕೈಯಾಡಿಸಿ ಬಂದು, ಎಂಥಾ ಹಳದಿ ಅಂತೀರಿ ಮೇಷ್ಟ್ರೇ ಎಂದು ನನ್ನ ಮುಂದೆ ವರ್ಣಿಸುತ್ತಿದ್ದರು. ಆಮೇಲೆ ಬೆಂಗಳೂರಿನ ಮಗ ಅದನ್ನು ಒಯ್ದು ಮೇಜು ಮಾಡಿಸಿದ. ಅಂಚನ್ನು ನೇರ ಕೊಯ್ಯದೆ ಮರದ ಅಂಕುಡೊಂಕನ್ನು ಹಾಗೇ ಉಳಿಸಿದ್ದಾನೆ, ಈಗಿನವರಿಗೆ ಅದೇ ಚೆಂದ. ಅಲ್ಲಿಯವರೆಗೂ ಎಲ್ಲ ಸರಿಯಿತ್ತು. ಪಾಲಿಷ್‌ನವನು ಶೇಡ್ ಕಾರ್ಡು ಬಿಡಿಸಿದಾಗ ಸೊಸೆ ಬೆರಳಿಟ್ಟದ್ದು ವಾಲ್‌ನಟ್ ಮೇಲೆ.

"ಅಮ್ಮ ನೋಡಿ ಎಂತ ಕೇಳಿದ್ರು ಗೊತ್ತುಂಟಾ? ಬೀಟೆಯಾ ಅಂತ ಕೇಳಿದ್ರು! ಆ ಮರದ ಹಣ್ಣು ಬಿಡಿಸಿ ಬಿಡಿಸಿ ಕೈಗೆ ಮೇಣ ಹತ್ತಿಸಿಕೊಂಡವರು, ಅವರಿಗೇ ಗುರುತು ಸಿಗಲಿಲ್ಲ. ನಂಗೆ ಬೇಡಪ್ಪ ಈ ಬಣ್ಣ. ನಮ್ಮ ಯಕ್ಷಗಾನ ಮೇಳದವರು ಬೆಳಗಿನ ಜಾವ ಚೌಕಿಯಲ್ಲಿ ಕೂತು ತೆಂಗಿನೆಣ್ಣೆ ಹಚ್ಚಿ ಒರೆಸ್ಕೊಳ್ತಾರಲ್ಲ, ಹಾಗೆ ಒರೆಸೋಕೆ ಬರೋ ಎಣ್ಣೆ ಯಾವುದಾದ್ರೂ ಇದ್ರೆ ಹೇಳಿ."

"ವೇಷದ ಬಣ್ಣ ಚರ್ಮದ ಮೇಲೆ ಕೂತಿರತ್ತೆ ಸುಬ್ಬಣ್ಣ, ಎಣ್ಣೆಗೆ ಬಂದುಬಿಡತ್ತೆ. ಮದುವೆ ಹೆಣ್ಣಿನ ಮದರಂಗಿ ತೆಂಗಿನೆಣ್ಣೆಗೆ ಹೋಗತ್ತಾ?"

"ಅದೆಲ್ಲಿ ಹೋಗತ್ತೆ. ದಿನ ಕಳೆದ ಹಾಗೆ ತಾನೇ ಹೋಗ್ಬೇಕು."

"ಚರ್ಮ ಸವೆದು ಹೊಸ ಚರ್ಮ ಬರೋದಕ್ಕೆ ಅದು ಹೋಗೋದು. ಕಡಿದ ಮರಕ್ಕೆ ಹೊಸ ಚರ್ಮ ಬರಲ್ಲವಲ್ಲ, ನಾವೇ ಸವೆಸಬೇಕು. ಹಾಗಾಗಿ ನಿಮ್ಮ ಮೇಜಿನ ಬಣ್ಣ ಚೌಕಿಯದ್ದೋ ಮದರಂಗಿಯದ್ದೋ ಅಂತ ಮೊದಲು ನೋಡೋಣ."

ಮರಕ್ಕೆ ಹಚ್ಚಿದ ಬಣ್ಣ ಕೂರುವ ಜಾಗಗಳು ಮೂರು. ಕೆಲವು ಸಲ ಮೇಲಿನ ಪಾಲಿಷ್ ಪದರದಲ್ಲೇ ಬಣ್ಣ ಬೆರೆತಿರುತ್ತದೆ. ಪದರ ಎದ್ದರೆ ಬಣ್ಣವೂ ಎದ್ದು ಬರುತ್ತದೆ, ಅಂಥವರು ಪುಣ್ಯವಂತರು. ಇನ್ನು ಕೆಲವು ಸಲ ನುಣ್ಣನೆಯ ಬಣ್ಣದ ಪುಡಿ ಮರದ ಸೂಕ್ಷ್ಮ ರಂಧ್ರಗಳಲ್ಲಿ ಹೋಗಿ ತುಂಬಿಕೊಂಡಿರುತ್ತದೆ. ಮೂರನೆಯದು ಕರಗುವ ಬಣ್ಣ, ಡೈ ಅನ್ನುತ್ತಾರೆ. ಅದು ಪುಡಿಯಾಗಿ ಉಳಿಯದೆ ನಾರಿನೊಳಕ್ಕೇ ಇಳಿದುಬಿಡುತ್ತದೆ. ವಿಲಿಯಂ ಪರ್ಕಿನ್ ಎಂಬ ಹುಡುಗ 1856ರಲ್ಲಿ ಲಂಡನ್ನಿನಲ್ಲಿ ಮಲೇರಿಯಾದ ಮದ್ದು ಮಾಡಲು ಹೋಗಿ ನೇರಳೆ ಬಣ್ಣ ಮಾಡಿಬಿಟ್ಟನಲ್ಲ, ಕೃತಕ ಡೈಗಳ ವಂಶವೆಲ್ಲ ಶುರುವಾದದ್ದು ಅಲ್ಲಿಂದ. ಈಗ ಪೇಟೆಯಲ್ಲಿ ಸಿಗುವ ಸ್ಟೇನ್ ಡಬ್ಬಿಗಳಲ್ಲಿ ಎಷ್ಟೋ ಸಲ ಪುಡಿಯೂ ಇರುತ್ತದೆ, ಡೈಯೂ ಇರುತ್ತದೆ.

"ವಾಲ್‌ನಟ್ ಅಂದ್ರೆ ಅಕ್ರೋಟು ತಾನೆ? ಅದರ ಸಿಪ್ಪೆ ಅರೆದು ಮಾಡಿದ್ದಲ್ವಾ?"

"ಅಕ್ರೋಟಿನ ಹಸಿಸಿಪ್ಪೆಯ ಬಣ್ಣವೂ ಕೈಗೆ ಹತ್ತಿದ್ರೆ ಬಿಡಲ್ಲ, ಹಿಂದಿನವರು ಅದನ್ನೂ ಬಳಸ್ತಿದ್ರು. ಈ ಡಬ್ಬಿಯಲ್ಲಿ ಅಕ್ರೋಟು ಇರೋದು ಹೆಸರಲ್ಲಿ ಮಾತ್ರ. ಒಳಗಿನ ಪುಡಿ ಹೆಚ್ಚಾಗಿ ಕಬ್ಬಿಣದ ಆಕ್ಸೈಡು, ನಮ್ಮ ಕಾವಿಮಣ್ಣಿನ ಕುಲದ್ದು. ಜೊತೆಗೆ ಸ್ವಲ್ಪ ಇಂಗಾಲದ ಕಪ್ಪು."

ಸುಬ್ಬಣ್ಣನವರ ಮುಖ ಇಳಿಯಿತು. ಸೊಸೆ ಆರಿಸಿದ್ದು ದೂರದ ದೇಶದ ಮರವಾದರೂ ಆಗಿದ್ದರೆ ಬೈಯುವುದಕ್ಕೊಂದು ಗತ್ತು ಇರುತ್ತಿತ್ತು, ಕಾವಿಮಣ್ಣನ್ನು ಹೇಗೆ ಬೈಯುವುದು!

"ಒಂದು ಕೆಲಸ ಮಾಡಿದ್ರೆ? ಹಲಗೆ ಮಗುಚಿಬಿಡೋಣ. ಅಡಿಗೆ ಅವನು ಬಣ್ಣ ಹೊಡೆದಿಲ್ಲ, ಕೈ ಹಾಕಿ ನೋಡಿದೀನಿ."

ಬುದ್ಧಿವಂತಿಕೆಯ ಮಾತೇ. ಬಡಗಿಗಳು ಬಹಳ ಸಲ ಅದನ್ನೇ ಮಾಡುತ್ತಾರೆ. ಆದರೆ ಅಡಿಗೆ ಹೊಡೆದಿಲ್ಲ ಎಂದಾಗ ನನಗೆ ಬೇರೆ ಯೋಚನೆ ಹತ್ತಿತು. ಮರ ಕಡಿದು ಎಷ್ಟು ವರ್ಷವಾದರೂ ಗಾಳಿಯ ತೇವ ಎಳೆದುಕೊಳ್ಳುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಒಂದು ಮುಖಕ್ಕೆ ಪಾಲಿಷ್ ಬಿದ್ದು ಇನ್ನೊಂದು ಬರಿದಾಗಿದ್ದರೆ ಬರಿಮುಖ ಬೇಗ ಹಿಗ್ಗುತ್ತದೆ, ಬೇಗ ಕುಗ್ಗುತ್ತದೆ. ಅಗಲದ ಹಲಗೆಯಾದರೆ ಬಾಗಿಬಿಡುತ್ತದೆ. ನಮ್ಮ ಮಲೆನಾಡಿನ ಜಡಿಮಳೆಯಲ್ಲಿ ಕೇಳುವುದೇ ಬೇಡ.

"ಒಂದು ಕೋಲು ಅಡ್ಡ ಇಟ್ಟು ನೋಡಿ ಸುಬ್ಬಣ್ಣ. ಬಾಗಿರಬಹುದು."

ಒಳಗೆ ಹೋಗಿ ಸ್ಕೇಲು ಇಟ್ಟು ನೋಡಿ ಬಂದರು. "ನಡುವೆ ಬೆಳಕು ಕಾಣತ್ತೆ ಮಾರಾಯ್ರೆ" ಎಂದರು. ಮಗುಚಿದರೆ ಮೇಜಿನ ನಡುವಿನ ಸಾರಿನ ಪಾತ್ರೆ ಗುಡ್ಡದ ಮೇಲೆ ಕೂರುತ್ತಿತ್ತು. ಅಲ್ಲಿಗೆ ಮಗುಚುವ ಯೋಜನೆ ಬಿದ್ದುಹೋಯಿತು.

ಉಳಿದದ್ದು ತೆಗೆಯುವ ದಾರಿ. ಬಣ್ಣಕ್ಕೆ ಕೈ ಹಾಕುವ ಮುಂಚೆ ಅದರ ಮೇಲಿನ ಪಾಲಿಷ್ ಯಾವುದೆಂದು ತಿಳಿಯಬೇಕು. ಅದಕ್ಕೆ ಲ್ಯಾಬೊರೇಟರಿ ಬೇಡ. ಮೇಜಿನ ಅಡಿಯಂಚಿನಲ್ಲಿ, ಕಣ್ಣಿಗೆ ಬೀಳದ ಕಡೆ, ಹತ್ತಿಯಲ್ಲಿ ಪಾಲಿಷ್ ಸ್ಪಿರಿಟ್ ಅದ್ದಿ ಒತ್ತಿ ಹಿಡಿಯಿರಿ. ಅಂಟಂಟಾಗಿ ಕರಗಿದರೆ ಅದು ಫ್ರೆಂಚ್ ಪಾಲಿಷ್, ಅಂದರೆ ಅರಗು. ಹೆಸರಿನಲ್ಲಿ ಫ್ರಾನ್ಸ್ ಇದ್ದರೂ ಮರದ ಟೊಂಗೆಗಳ ಮೇಲೆ ಆ ಅಂಟು ಸುರಿಸುವ ಹುಳು ನಮ್ಮದೇ. ಅದರ ಅಧ್ಯಯನಕ್ಕೆಂದೇ ರಾಂಚಿ ಹತ್ತಿರದ ನಾಮ್‌ಕುಮ್‌ನಲ್ಲಿ 1924ರಲ್ಲಿ ಸಂಸ್ಥೆ ಶುರುವಾಗಿತ್ತು. ಚನ್ನಪಟ್ಟಣದ ಗೊಂಬೆಗೆ ಹಚ್ಚುವುದೂ ಅರಗನ್ನೇ. ಚರಕಿಯ ಮೇಲೆ ಹಾಲೆಮರ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಕರಗಿ ಹತ್ತಿಕೊಳ್ಳುತ್ತದೆ, ಆಮೇಲೆ ತಾಳೆಗರಿ ಹಿಡಿದು ಹೊಳಪು ತರುತ್ತಾರೆ. ಅಲ್ಲಿ ಬಣ್ಣವೆಲ್ಲ ಪದರದಲ್ಲೇ ಉಂಟು, ಒಳಗಿನ ಮರ ಬೆಳ್ಳಗೆ ಹಾಗೇ ಉಳಿದಿರುತ್ತದೆ.

ಸ್ಪಿರಿಟ್ಟಿಗೆ ಜಗ್ಗದಿದ್ದರೆ ಥಿನ್ನರ್ ಹಚ್ಚಿ ನೋಡುವುದು. ಕರಗಿತೋ, ಅದು ಎನ್‌ಸಿ ಲ್ಯಾಕರ್. ಅದಕ್ಕೂ ಬಗ್ಗಲಿಲ್ಲವೆಂದರೆ ಮೆಲಮೈನೋ ಪಿಯುವೋ ಇರಬೇಕು. ಅವೆರಡೂ ಒಣಗುವಾಗ ಕಣಕ್ಕೆ ಕಣ ಹೆಣೆದುಕೊಂಡು ಬಲೆಯಾಗಿಬಿಡುತ್ತವೆ, ಮತ್ತೆ ಯಾವುದರಲ್ಲೂ ಕರಗುವುದಿಲ್ಲ.

ಸುಬ್ಬಣ್ಣನವರ ಮೇಜಿಗೆ ಎರಡೂ ಹತ್ತಿ ಒತ್ತಿದ್ದಾಯಿತು. ಪಾಲಿಷ್ ಮಿಸುಕಲಿಲ್ಲ. "ಪಿಯು ಅಂತ ಕಾಣತ್ತೆ" ಎಂದೆ.

"ದುಡ್ಡು ಜಾಸ್ತಿ ಕೊಟ್ಟು ಹೊಡೆಸಿದಾನೆ, ಹೋಗಬಾರದು ಅಂತ" ಎಂದು ಗೋಡೆಯ ಮೇಲೆ ಗುದ್ದಿದರು. "ಪೇಂಟ್ ರಿಮೂವರ್ ಅಂತ ಬರತ್ತಲ್ಲ, ಅದು?"

ಬರುತ್ತದೆ. ಪೇಂಟಿನ ಅಂಗಡಿಯಲ್ಲಿ ಕೇಳಿದರೆ ಡಬ್ಬಿ ತೆಗೆದು ಕೊಟ್ಟಾರು. ಹಚ್ಚಿದರೆ ಪಿಯು ಪದರವೂ ಸುಕ್ಕುಗಟ್ಟಿ ಮೇಲೇಳುತ್ತದೆ, ನೋಡಲು ಮಜವಾಗಿಯೇ ಇರುತ್ತದೆ. ಆದರೆ ಹಳೆಯ ನಮೂನೆಯ ರಿಮೂವರುಗಳ ಶಕ್ತಿಯೆಲ್ಲ ಡೈಕ್ಲೋರೋಮಿಥೇನ್ ಎಂಬ ದ್ರವದ್ದು. ಸುಮಾರು 40 ಡಿಗ್ರಿಗೇ ಕುದಿಯುವ ಜಾತಿ ಅದು, ನಮ್ಮ ಏಪ್ರಿಲ್ ಬಿಸಿಲಿಗೆ ಡಬ್ಬಿ ತೆರೆದರೆ ಸಾಕು, ಆವಿ ಮೂಗಿಗೆ ಬರುತ್ತದೆ. ಉಸಿರಿನಲ್ಲಿ ಹೋದದ್ದು ದೇಹದೊಳಗೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ, ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಇಟ್ಟು ಮಲಗಿದವರನ್ನು ಕೊಲ್ಲುವ ಅದೇ ಅನಿಲ. ಅಮೆರಿಕದಲ್ಲಿ ಬಚ್ಚಲುಮನೆಯ ತೊಟ್ಟಿಗಳ ಬಣ್ಣ ಎಬ್ಬಿಸಲು ಹೋಗಿ ಹಲವು ಕೆಲಸಗಾರರು ಅಲ್ಲೇ ಸತ್ತರು. 2019ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಮನೆಬಳಕೆಯ ಪೇಂಟ್ ರಿಮೂವರುಗಳಲ್ಲಿ ಅದನ್ನು ಮಾರದಂತೆ ನಿಷೇಧಿಸಿತು. ಬೆಂಜೈಲ್ ಆಲ್ಕೋಹಾಲ್ ಹಾಕಿದ ರಿಮೂವರುಗಳೂ ಇವೆ. ನಿಧಾನ, ಆದರೆ ಅಷ್ಟು ಕೇಡಿನವಲ್ಲ. ಯಾವುದೇ ಆದರೂ ಅಂಗಳದ ಗಾಳಿಯಲ್ಲಿ, ನೆರಳಿನಲ್ಲಿ, ಗ್ಲೌಸು ಹಾಕಿಕೊಂಡು ಮಾಡುವ ಕೆಲಸ. ಮಾಡಿದ ಮೇಲೆ ಮೇಲ್ಮೈಯನ್ನು ಡಬ್ಬಿಯ ಮೇಲೆ ಬರೆದಂತೆ ಚೆನ್ನಾಗಿ ಒರೆಸಿ ತೊಳೆಯಬೇಕು. ಬೇಗ ಆರದಿರಲೆಂದು ಎಷ್ಟೋ ರಿಮೂವರುಗಳಲ್ಲಿ ಮೇಣ ಬೆರೆಸಿರುತ್ತಾರೆ, ಅದು ಉಳಿದರೆ ಮುಂದಿನ ಪಾಲಿಷ್ ಹಿಡಿಯುವುದಿಲ್ಲ.

"ಬ್ಯಾಡ ಬಿಡಿ" ಎಂದರು ಸುಬ್ಬಣ್ಣ. "ಬಣ್ಣ ಹೋಗದಿದ್ರೂ ಪರವಾಗಿಲ್ಲ, ನಾನು ಹೋಗೋದು ಬ್ಯಾಡ."

ಅಷ್ಟರಲ್ಲಿ ಆಚಾರ್ರ ಸ್ಕೂಟರು ಬೀದಿಯ ತುದಿಯಲ್ಲಿ ಕಾಣಿಸಿತು. ನಮ್ಮ ಬೀದಿಯ ಬಾಗಿಲು ಕಿಟಕಿಗಳೆಲ್ಲ ಅವರ ಕೈಯವೇ. ಗೋಡೆಯ ಹತ್ತಿರ ಇಬ್ಬರು ನಿಂತದ್ದು ಕಂಡರೆ ಅವರ ಸ್ಕೂಟರು ತಾನೇ ನಿಲ್ಲುತ್ತದೆ. ಮೇಜು ತೋರಿಸಿದೆವು. ಆಚಾರ್ರು ಹೆಬ್ಬೆರಳಿನ ಉಗುರಿನಿಂದ ಒಂದು ಮೂಲೆ ಕೆರೆದರು, ಬಗ್ಗಿ ತುದಿಯ ಕೊಯ್ತ ನೋಡಿದರು, ನಾಲಿಗೆಯಿಂದ ಲೊಚ್ ಎಂದರು.

"ಹಲಸಿಗೆ ಇದನ್ನ ಯಾರು ಹೊಡೀತಾರೆ ಸ್ವಾಮಿ? ರಬ್ಬರ್ ಮರಕ್ಕೆ ಹೊಡೆದು ಸಾಗುವಾನಿ ಅನ್ನೋದು ಕಂಡಿದೀನಿ, ಅದರಲ್ಲಿ ಒಂದು ಅರ್ಥ ಇದೆ. ಮುಖಕ್ಕೆ ಸ್ವಂತ ಬಣ್ಣ ಇಲ್ಲದ ಮರ, ಏನೋ ಹೊಟ್ಟೆಪಾಡು. ಇದಕ್ಕೇನು ಬಂದಿತ್ತು?"

"ತೋಪಡ ಹೊಡೆದುಬಿಡಿ ಆಚಾರ್ರೇ, ಎರಡಿಂಚು ದಪ್ಪ ಇದೆಯಲ್ಲ" ಎಂದರು ಸುಬ್ಬಣ್ಣ.

"ಹಲಸಿಗೆ ಎದುರುನಾರು. ತೋಪಡ ಒಂದು ಕಡೆ ಸಲೀಸಾಗಿ ಹೋಗತ್ತೆ, ಮುಂದಿನ ಗೇಣಿಗೆ ನಾರು ಕಿತ್ಕೊಂಡು ಬರತ್ತೆ. ಮೊದಲು ಕೆರೆಯೋದು, ಆಮೇಲೆ ಪೇಪರು."

ಕೆರೆಯಲು ಅವರು ಬಳಸುವುದು ಉಕ್ಕಿನ ತೆಳುಪಟ್ಟಿ. ಅದರ ಅಂಚಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆ ತಿರುವಿರುತ್ತಾರೆ. ಅವರ ತಂದೆ ಒಡೆದ ಕನ್ನಡಿಯ ಚೂರಿನಲ್ಲೇ ಕೆರೆಯುತ್ತಿದ್ದರಂತೆ, ಚೂರು ಮೊಂಡಾದರೆ ಇನ್ನೊಂದು ಒಡೆದುಕೊಳ್ಳುವುದು. ನೇರ ಪೇಪರು ಹಿಡಿದರೆ ಪಿಯು ಪದರ ಬಿಸಿಗೆ ಮೆತ್ತಗಾಗಿ ಪೇಪರಿನ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ನಾಲ್ಕು ಸಲ ಎಳೆಯುವುದರೊಳಗೆ ಪೇಪರು ನುಣ್ಣಗಾಗಿ, ದುಡ್ಡು ದಂಡ. ಪದರ ಸುರುಳಿಸುರುಳಿಯಾಗಿ ಎದ್ದುಹೋದ ಮೇಲೆ 80ರ ಪೇಪರು, ಆಮೇಲೆ 120, ಆಮೇಲೆ 180. ನಂಬರು ಏರಿದಷ್ಟೂ ಮರಳು ನುಣುಪು. ಅವಸರದವರು 80ರಿಂದ ಒಮ್ಮೆಗೇ 180ಕ್ಕೆ ಹಾರುತ್ತಾರೆ. ಒರಟು ಪೇಪರಿನ ಗೀರು ಹಾಗೇ ಉಳಿದು, ಹೊಸ ಪಾಲಿಷ್ ಬಿದ್ದ ದಿನ ಎದ್ದು ಕೂರುತ್ತದೆ.

"ಅಕ್ಕಪಕ್ಕದ ತುದಿ ಮಾತ್ರ ಸತಾಯಿಸತ್ತೆ" ಎಂದು ಆಚಾರ್ರು ಕೊಯ್ದ ತುದಿ ತಟ್ಟಿದರು. ನೀರು ಏರುತ್ತಿದ್ದ ಕೊಳವೆಗಳ ಬಾಯಿ ಅಲ್ಲಿ ತೆರೆದಿರುತ್ತದೆ, ಬಣ್ಣವನ್ನು ಹೀರಿಕೊಂಡುಬಿಡುತ್ತದೆ. ಮೇಲ್ಮುಖದಲ್ಲಿ ಇಳಿದದ್ದಕ್ಕಿಂತ ಎಷ್ಟೋ ಆಳ. "ಅಲ್ಲಿ ಒಂದು ನೂಲು ಗರಗಸದಲ್ಲೇ ಕೊಯ್ದು ಬಿಸಾಕೋದು ಲೇಸು."

ಸುಬ್ಬಣ್ಣನವರ ಕೈಯಲ್ಲಿ ಇರುವುದು ಇಡೀ ಮರದ ಹಲಗೆ, ಇಷ್ಟೆಲ್ಲ ಧೈರ್ಯ ಅದಕ್ಕಾಗಿ. ಪ್ಲೈವುಡ್ಡಿನ ಮೇಲೆ ತೆಳ್ಳನೆ ಮರದ ಹಾಳೆ ಅಂಟಿಸಿದ ವೆನೀರ್ ಮೇಜಾಗಿದ್ದರೆ ಈ ಮಾತೇ ಬೇರೆ. ಆ ಹಾಳೆ ಎಷ್ಟೋ ಕಡೆ ಅರ್ಧ ಮಿಲಿಮೀಟರೂ ಇರುವುದಿಲ್ಲ, ಮಷಿನ್ ಹಿಡಿದು ಮೈಮರೆತರೆ ಬಣ್ಣದ ಜೊತೆ ಮರವೂ ಮಾಯ.

ಅಷ್ಟು ಹೊತ್ತೂ ಒಳಗಿಂದ ಕೇಳಿಸಿಕೊಳ್ಳುತ್ತಿದ್ದ ಲಲಿತಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಕೆರೀರಿ, ಉಜ್ಜಿ, ಎಂತ ಬೇಕಾದ್ರೂ ಮಾಡಿ. ಧೂಳು ನನ್ನ ಅಡುಗೆಮನೆಗೆ ಬರಕೂಡದು ಅಷ್ಟೆ. ಹಾಗೇ ಹಿತ್ತಲ ಕಿಟಕಿಯ ಹಳೇ ಹಸಿರು ಪೇಂಟೂ ಕೆರೆದುಬಿಡಿ ಆಚಾರ್ರೇ, ಹೇಗೂ ಮಷಿನ್ ತರ್ತೀರಲ್ಲ."

"ಅಕ್ಕ, ಅದಕ್ಕೆ ಕೈ ಹಾಕ್ಬೇಡಿ" ಎಂದೆ. ಹಳೆಯ ಎಣ್ಣೆಪೇಂಟುಗಳಲ್ಲಿ ಸೀಸ ಇರುವುದು ಸಾಮಾನ್ಯ. ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನದನ್ನು ಒಣಗಿದ್ದಾಗ ಉಜ್ಜಿದರೆ ಧೂಳು ಸೀಸದ್ದು, ಬಿಸಿಗಾಳಿ ಹಿಡಿದರೆ ಹೊಗೆ ಸೀಸದ್ದು. ಮೊಮ್ಮಕ್ಕಳು ಓಡಾಡುವ ಮನೆ. ಬರೀ ಮರದ ಧೂಳೂ ಸಾಧುವಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕೊರೊನಾ ಕಾಲದಲ್ಲಿ ಕೊಂಡ ಎನ್95 ಮಾಸ್ಕು ಪೆಟ್ಟಿಗೆಯಲ್ಲಿ ಉಳಿದಿದ್ದರೆ ಅದಕ್ಕೊಂದು ಕೆಲಸ ಸಿಕ್ಕಿತು.

"ನಮ್ಮಪ್ಪ ಜೀವನವಿಡೀ ಮೂಗಿಗೆ ಬಟ್ಟೆ ಕಟ್ಟದೆ ಉಜ್ಜಿದ್ರು" ಎಂದು ಆಚಾರ್ರು ಶುರುಮಾಡಿ, "ಕೊನೆಗೆ ಕೆಮ್ಮಿದ್ದೂ ಅಷ್ಟೇ" ಎಂದು ತಾವೇ ಮುಗಿಸಿದರು.

ಮುಂದಿನ ಭಾನುವಾರ ಅವರು ಮಾವಿನ ಮರದಡಿ ಮೇಜು ಮಲಗಿಸಿ ಕೆಲಸಕ್ಕೆ ಕೂತರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಹಲಗೆ ಬಯಲಾಯಿತು. ಹಳದಿ ಕಂಡಿತು, ಸುಬ್ಬಣ್ಣನವರ ನಗುವೂ ಕಂಡಿತು. ಆದರೆ ನಾರಿನುದ್ದಕ್ಕೂ ಕಡ್ಡಿಗೀರಿನಷ್ಟು ಸಣ್ಣ ಕಂದು ಗೆರೆಗಳು ಉಳಿದವು. ಹಲಸಿನ ರಂಧ್ರಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು, ಕಾವಿಪುಡಿ ಅಲ್ಲಿ ಹೊಕ್ಕು ಕೂತಿತ್ತು. ಒಂದು ಮಗ್ಗುಲಲ್ಲಿ ಹಿಂದೆಂದೋ ಮೊಳೆ ಹೊಡೆದ ಜಾಗದ ಸುತ್ತ ಕರ್ರಗಿನ ಮಚ್ಚೆ ಬೇರೆ.

"ಈಗ ನಿಮ್ಮ ಕೆಮಿಸ್ಟ್ರಿ ತೆಗೀರಿ ಮೇಷ್ಟ್ರೇ" ಎಂದು ಇಬ್ಬರೂ ನನ್ನ ಕಡೆ ತಿರುಗಿದರು.

ಬ್ಲೀಚು ಎಂದರೆ ಒಂದೇ ಎಂದು ಎಲ್ಲರೂ ತಿಳಿಯುತ್ತಾರೆ. ಮರಗೆಲಸಕ್ಕೆ ಬೇಕಾಗುವವು ಮೂರು, ಮೂರರ ಕಸುಬೂ ಬೇರೆಬೇರೆ. ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚು ನಾರಿಗಿಳಿದ ಡೈಯನ್ನು ಬಿಳಿಚಿಸುತ್ತದೆ, ಕಾವಿಪುಡಿಯನ್ನು ಕಂಡರೆ ಸುಮ್ಮನಿರುತ್ತದೆ. ಕಾಸ್ಟಿಕ್ ಸೋಡಾ, ಹೈಡ್ರೋಜನ್ ಪೆರಾಕ್ಸೈಡ್ ಎರಡನ್ನೂ ಸೇರಿಸಿ ಹಚ್ಚುವುದು ಮರದ ಹುಟ್ಟುಬಣ್ಣವನ್ನೇ ತೆಗೆಯುವುದಕ್ಕೆ. ನಮಗೆ ಬೇಕಾದದ್ದು ಅದೇ ಬಣ್ಣವಾದ್ದರಿಂದ ಅದು ಹೊಸಲಿನಾಚೆಗೇ ಇರಲಿ. ಮೂರನೆಯದು ಆಕ್ಸಾಲಿಕ್ ಆಸಿಡ್, ಮೊಸಾಯಿಕ್ ನೆಲ ಪಾಲಿಷ್ ಮಾಡುವವರು ಚೆಲ್ಲುವ ಬಿಳಿಪುಡಿ. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುವುದು ಇದರದ್ದೇ ಕ್ಯಾಲ್ಸಿಯಂ ಹರಳಿನಿಂದ. ಪುಡಿಯಂತೂ ವಿಷ, ಬರಿಗೈಯಲ್ಲಿ ಮುಟ್ಟಬಾರದು, ಒಣಗಿದ ಮೇಲೆ ತೊಳೆಯದೆ ಉಜ್ಜಬಾರದು. ಕ್ಲೋರಿನ್ ಬ್ಲೀಚಿನ ಜೊತೆ ಬೆರೆಸಿದರೆ ವಿಷಾನಿಲವೇ ಏಳುತ್ತದೆ.

ಮೊಳೆಯ ಮಚ್ಚೆಗೆ ಮದ್ದು ಈ ಆಕ್ಸಾಲಿಕ್. ಮರದ ಒಗರಿಗೆ ಕಬ್ಬಿಣವೂ ನೀರೂ ಸೇರಿದರೆ ಕಪ್ಪು ಹುಟ್ಟುತ್ತದೆ. ನಮ್ಮ ಹಿರಿಯರು ಅಳಲೆಕಾಯಿಗೆ ಅನ್ನಭೇದಿ ಹಾಕಿ ಶಾಯಿ ಕಾಯಿಸುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಬಿಸಿನೀರಿಗೆ ಪುಡಿ ಕರಗಿಸಿ ಬ್ರಷ್ಷಿನಲ್ಲಿ ಹಚ್ಚಿದೆವು. ಸುಬ್ಬಣ್ಣನವರು ನೋಡುನೋಡುತ್ತಿದ್ದಂತೆ ಕಪ್ಪು ತೆಳುವಾಗುತ್ತ ಹೋಯಿತು. ಆಮೇಲೆ ಅಡುಗೆ ಸೋಡಾದ ನೀರಿನಲ್ಲಿ ಒರೆಸಿ ಆಮ್ಲ ಕಳೆದದ್ದಾಯಿತು.

"ಅಲ್ಲ ಮೇಷ್ಟ್ರೇ, ಆ ಗೆರೆಯ ಪುಡಿಯೂ ಕಬ್ಬಿಣದ್ದೇ ಅಂದ್ರಿ. ಇದು ಕಬ್ಬಿಣ ತೆಗೆಯತ್ತೆ ಅಂದ್ರಿ. ಹಾಗಾದ್ರೆ ಅದಕ್ಯಾಕೆ ನಾಟಲಿಲ್ಲ?"

ತರಗತಿಯಲ್ಲಿ ಇಂಥ ಪ್ರಶ್ನೆ ಕೇಳುವ ಹುಡುಗರು ಅಪರೂಪ. ಸ್ಟೇನಿನ ಪುಡಿ ಬೆತ್ತಲೆಯಾಗಿ ಕೂತಿರುವುದಿಲ್ಲ, ಪ್ರತಿ ಕಣದ ಸುತ್ತ ಒಣಗಿದ ಅಂಟಿನ ಕವಚ ಇರುತ್ತದೆ, ಆಮ್ಲಕ್ಕೆ ಅದರೊಳಗೆ ಪ್ರವೇಶವಿಲ್ಲ. ಕವಚವಿಲ್ಲದಿದ್ದರೂ ಆ ಆಕ್ಸೈಡು ಸುಲಭಕ್ಕೆ ಕರಗುವ ಜಾತಿಯಲ್ಲ.

"ಅಂದ್ರೆ ಹೋಗಲ್ಲ."

"ಇನ್ನೂ ಒಂದು ನೂಲು ಉಜ್ಜಿದ್ರೆ ಹೋಗತ್ತೆ" ಎಂದರು ಆಚಾರ್ರು. "ಆದ್ರೆ ಬ್ಯಾಡ ಅಂತೀನಿ. ಬಣ್ಣ ಅನ್ನಬ್ಯಾಡಿ, ನಾರಿನ ಗೆರೆ ಅನ್ನಿ. ದುಡ್ಡು ಕೊಟ್ಟು ಹೀಗೇ ಗೆರೆ ತುಂಬಿಸ್ಕೊಳ್ಳೋರೂ ಇದಾರೆ."

ನಿಜವೇ. ರಂಧ್ರಕ್ಕಷ್ಟೇ ಗಾಢಬಣ್ಣ ತುಂಬಿ ಮೇಲ್ಮೈ ಒರೆಸಿಬಿಡುವುದು ಒಂದು ಪ್ರತ್ಯೇಕ ಕುಶಲತೆ. ಸುಬ್ಬಣ್ಣನವರು ತಲೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ, ದೂರ ನಿಂತು, ಹತ್ತಿರ ಬಂದು ನೋಡಿದರು. "ಇರ್ಲಿ" ಎಂದರು. ಅವರ ಬಾಯಿಂದ ಆ ಶಬ್ದ ಹೊರಡುವುದು ಆಚಾರ್ರಿಗೂ ಹೊಸತು.

ಹಲಸಿನ ಚೇಗಿನ ಈ ಹಳದಿ ಸಾಮಾನ್ಯದ್ದಲ್ಲ. ಅದರಲ್ಲಿ ಮೋರಿನ್ ಎಂಬ ಬಣ್ಣದ ವಸ್ತು ಇದೆ. ಥಾಯ್ಲೆಂಡಿನ ಕಾಡುಗಳಲ್ಲಿ ಇರುವ ಬೌದ್ಧ ಭಿಕ್ಷುಗಳು ಹಲಸಿನ ಚೇಗನ್ನು ಚಕ್ಕೆ ಮಾಡಿ ಕುದಿಸಿ, ಆ ನೀರಿನಲ್ಲಿ ತಮ್ಮ ಚೀವರಕ್ಕೆ ಬಣ್ಣ ಕಟ್ಟುತ್ತಾರೆ. ಬಟ್ಟೆಗೆ ಬಣ್ಣ ಕೊಡುವಷ್ಟು ಶ್ರೀಮಂತ ಮರಕ್ಕೆ ನಾವು ಡಬ್ಬಿಯ ಬಣ್ಣ ಸಾಲ ಕೊಡುವುದು!

"ಅಂತೂ ಹಳದಿ ಉಳೀತಲ್ಲ, ಇನ್ನು ಇದೇ ಬಣ್ಣ ಇರ್ಲಿ" ಎಂದರು ಸುಬ್ಬಣ್ಣ.

ಅದನ್ನು ಹೇಳದೆ ಬಿಡುವಂತಿರಲಿಲ್ಲ. "ಇರಲ್ಲ ಸುಬ್ಬಣ್ಣ. ಹಲಸು ಬೆಳಕಿಗೆ ಬಿದ್ದ ಮೇಲೆ ತಿರುಗತ್ತೆ. ಮೊದಲು ಚಿನ್ನದ ಬಣ್ಣ, ಆಮೇಲೆ ಕೆಂಚು, ಕೊನೆಗೆ ಒಳ್ಳೇ ಕಂದು. ನಿಮ್ಮಜ್ಜನ ಕಾಲದ ಬಾಗಿಲು ಯಾವ ಬಣ್ಣ ಇದೆ ಹೇಳಿ?"

"ಅದು ಕಂದೇ. ಅದು ಹಲಸಾ?"

"ಹಲಸೇ" ಎಂದರು ಆಚಾರ್ರು.

ತಮಾಷೆ ಇನ್ನೂ ಇದೆ. ಅಮೆರಿಕದ ಕಪ್ಪು ಅಕ್ರೋಟಿನ ಮರ ಹೊಸದರಲ್ಲಿ ಗಾಢ ಕಂದು. ವರ್ಷ ಕಳೆದಂತೆ, ಬೆಳಕು ಬಿದ್ದಂತೆ, ಅದು ತಿಳಿಯಾಗುತ್ತ ಬರುತ್ತದೆ. ಹಲಸು ಹಳದಿಯಿಂದ ಹೊರಟು ಕಂದಿನ ಕಡೆ ನಡೆಯುತ್ತದೆ, ಅಕ್ರೋಟು ಕಂದಿನಿಂದ ಹೊರಟು ತಿಳಿಯ ಕಡೆ ಬರುತ್ತದೆ. ಸೊಸೆ ಕೇಳಿದ ಬಣ್ಣ ಮರದೊಳಗೇ ಇತ್ತು, ಸ್ವಲ್ಪ ವರ್ಷ ತಡವಾಗಿ ಬರುವುದಿತ್ತು ಅಷ್ಟೆ. ಶೇಡ್ ಕಾರ್ಡಿನ ಚೌಕಗಳು ಇವತ್ತಿನ ಬಣ್ಣ ತೋರಿಸುತ್ತವೆ, ಹತ್ತು ವರ್ಷದ ಮೇಲಿನ ಬಣ್ಣ ತೋರಿಸುವ ಕಾರ್ಡು ಯಾವ ಅಂಗಡಿಯಲ್ಲೂ ಇಲ್ಲ. ಮರವನ್ನು ಕೊಳ್ಳುವಾಗ ಆ ಬಣ್ಣವನ್ನೂ ಮನಸ್ಸಿನಲ್ಲಿಟ್ಟುಕೊಂಡರೆ ಇಷ್ಟು ಪೇಪರು, ಇಷ್ಟು ಧೂಳು, ಇಷ್ಟು ಆಮ್ಲ ಯಾವುದೂ ಬೇಕಾಗುತ್ತಿರಲಿಲ್ಲ.

ಉಳಿದ ಕೆಲಸ ಸಣ್ಣದು. ಒದ್ದೆಬಟ್ಟೆಯಲ್ಲಿ ಒರೆಸಿ ನಾರು ಎಬ್ಬಿಸಿ, ಒಣಗಿದ ಮೇಲೆ 220ರ ಪೇಪರು ಹಗುರವಾಗಿ ಆಡಿಸಿ, ಮೇಲೂ ಕೆಳಗೂ ಬಣ್ಣವಿಲ್ಲದ ಪಾಲಿಷ್ ಕೊಡುವುದು. ಅಂಕುಡೊಂಕು ಅಂಚಿಗೆ ಹಿತ್ತಾಳೆ ತಂತಿಯ ಬ್ರಷ್ಷೇ ಆಗಬೇಕು, ಕಬ್ಬಿಣದ್ದಾದರೆ ಮುರಿದ ತಂತಿಚೂರು ಮತ್ತೆ ಕಪ್ಪು ಮಚ್ಚೆ ಹುಟ್ಟಿಸುತ್ತದೆ. ಸುಬ್ಬಣ್ಣನವರಿಗೆ ಅಗಸೆಎಣ್ಣೆ ಹಚ್ಚುವ ಆಸೆ. ಹಚ್ಚಲಿ, ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿಗೆ ಹೊರಹೋಗಲು ದಾರಿಯಿಲ್ಲದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಕಡ್ಡಿ ಗೀರುವವರೇ ಬೇಡ. ಬಟ್ಟೆ ಬಿಡಿಸಿ ಹೊರಗೆ ಒಣಹಾಕಬೇಕು, ಇಲ್ಲವೇ ನೀರಲ್ಲಿ ಮುಳುಗಿಸಿಡಬೇಕು. ಮೇಜಿನ ಮೇಲೆ ಮೊದಮೊದಲು ಬಟ್ಟೆ ಹಾಸುವುದೂ ಒಳ್ಳೆಯದಲ್ಲ, ಮುಚ್ಚಿದಷ್ಟು ಜಾಗ ಹಳದಿಯಾಗೇ ಉಳಿದು ಸುತ್ತಲೂ ಕಂದಾಗುತ್ತದೆ.

"ಮಗನಿಗೆ ಎಂತ ಹೇಳೋದು ಈಗ? ದುಡ್ಡು ಹಾಕಿ ಹೊಡೆಸಿದ್ದನ್ನ ಕೆರೆದುಹಾಕಿದ್ವಿ ಅಂತ?"

"ನಿನ್ನ ಬಣ್ಣವೇ ಬರತ್ತೆ, ಕಾಯ್ಬೇಕು ಅಂತ ಹೇಳಿ" ಎಂದೆ.

"ಕಾಯೋದೇನೋ ಅವರು ಕಾಯ್ತಾರೆ" ಎಂದರು ಲಲಿತಕ್ಕ, ಮೇಜಿನ ಮೇಲೆ ಬೆರಳೆಳೆದು ಧೂಳು ನೋಡುತ್ತ. "ಇದು ಕಂದಾದ ದಿನ, ನನ್ನ ಹಳದಿ ಎಲ್ಲಿ ಹೋಯ್ತು ಅಂತ ಇವರೇ ಆಚಾರ್ರಿಗೆ ಫೋನ್ ಮಾಡ್ತಾರೆ, ನೋಡ್ತಾ ಇರಿ."

"ಮಾಡ್ಲಿ ಅಕ್ಕ" ಎಂದರು ಆಚಾರ್ರು, ಸ್ಕೂಟರಿನ ಡಿಕ್ಕಿಯೊಳಗೆ ಉಕ್ಕಿನ ಪಟ್ಟಿ ಇಡುತ್ತ. "ಅವತ್ತು ನಮ್ಮ ಹುಡುಗ ಬರ್ತಾನೆ. ದಪ್ಪ ಇನ್ನೂ ಇದೆಯಲ್ಲ."